ತಾಲ್ಲೂಕು ಕಚೇರಿಯೂ ತಾಲ್ಲೂಕು ಸಭೆಯೂ: ಹುಣಸೂರು ಉಪವಿಭಾಗದ ಸ್ಥಳೀಯ ಚುನಾವಣೆಗಳ ಇತಿಹಾಸ

ಮೈಸೂರು ಜಿಲ್ಲೆಯ ಪಶ್ಚಿಮ ಭಾಗದಲ್ಲಿ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಎಂಬ ನಾಲ್ಕು ಹಳೆಯ ತಾಲ್ಲೂಕುಗಳು ಸೇರಿ ಹುಣಸೂರು ಉಪವಿಭಾಗವೆನಿಸಿವೆ. ಕಾವೇರಿ, ಲಕ್ಷ್ಮಣತೀರ್ಥ, ಕಪಿಲೆ ಎಂಬ ಮೂರು ನದಿಗಳು ಈ ಸೀಮೆಯಲ್ಲಿ ಹರಿಯುತ್ತವೆ. ಕೃಷ್ಣರಾಜನಗರವು ನಾಲೆಗಳ ನೀರಿನಿಂದ ಭತ್ತ ಬೆಳೆಯುವ ಬಯಲು; ಹುಣಸೂರು ಪಿರಿಯಾಪಟ್ಟಣಗಳು ಹೊಗೆಸೊಪ್ಪಿಗೆ ಹೆಸರಾದ ಮಳೆಯಾಧಾರದ ನೆಲ; ಹೆಗ್ಗಡದೇವನಕೋಟೆಯು ಬಹುಮಟ್ಟಿಗೆ ಕಾಡು. ಭೂಗುಣದಲ್ಲಿಯೂ ಜನಸಮುದಾಯದಲ್ಲಿಯೂ ಇಷ್ಟು ಭೇದವುಳ್ಳ ಈ ನಾಲ್ಕು ಸೀಮೆಗಳನ್ನು ಒಂದೇ ಲೇಖನದಲ್ಲಿ ತೆಗೆದುಕೊಳ್ಳಲು ಕಾರಣವೇನೆಂದರೆ, ಸ್ಥಳೀಯ ಸಭೆಗಳಿಗೆ ಸದಸ್ಯರನ್ನು ಚುನಾಯಿಸುವ ಪದ್ಧತಿಯು ಸುಮಾರು ನೂರ ಮೂವತ್ತು ವರ್ಷಗಳಲ್ಲಿ ಇಲ್ಲಿ ಹೇಗೆ ನಡೆಯಿತೆಂಬುದನ್ನು ನೋಡಿದರೆ ನಾಲ್ಕರಲ್ಲಿಯೂ ಒಂದೇ ಸಂಗತಿಯು ಎದ್ದು ಕಾಣುತ್ತದೆ. ತಾಲ್ಲೂಕು ಕಚೇರಿಯು ಒಂದು ದಿನವೂ ಬಾಗಿಲು ಮುಚ್ಚಲಿಲ್ಲ. ತಾಲ್ಲೂಕಿನ ಸಭೆಯಾದರೋ ಮೂರು ಸಲ ಹುಟ್ಟಿ ಮೂರು ಸಲವೂ ಇಲ್ಲವಾಯಿತು. ನಮ್ಮಲ್ಲಿ ಸ್ಥಳೀಯ ಸ್ವರಾಜ್ಯದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅದನ್ನು ಮೇಲಕ್ಕೆ ಏರುತ್ತ ಹೋಗುವ ಮೆಟ್ಟಿಲುಗಳಂತೆ ವರ್ಣಿಸುವರು. ಈ ನಾಲ್ಕು ತಾಲ್ಲೂಕುಗಳ ಮಟ್ಟಿಗೆ ಆ ವರ್ಣನೆಯು ಸಲ್ಲದೆಂಬುದೇ ಪ್ರಕೃತ ಲೇಖಕನ ಅಭಿಪ್ರಾಯ.

ವಿಷಯಕ್ಕೆ ಬರುವ ಮೊದಲು ಒಂದು ಮಾತು. ರೈಸ್ ಅವರು ಪ್ರಕಟಿಸಿದ ಹುಣಸೂರು, ಎಡತೊರೆ, ಹೆಗ್ಗಡದೇವನಕೋಟೆಗಳ ಶಾಸನಗಳಲ್ಲಿ ಗಾವುಂಡರ, ಮಹಾಜನರ, ನಾಡವರ ಮಾತು ಬರುತ್ತದೆಂದು ಹೇಳಿ, ಇಂದಿನ ಪಂಚಾಯತಿಗಳಿಗೆ ಚಂಗಾಳ್ವರ ಕಾಲದ ಮೂಲವನ್ನು ಕಲ್ಪಿಸುವುದು ಕೆಲವರಿಗೆ ಪ್ರಿಯವಾದ ಕೆಲಸ. ಗಾವುಂಡಿಕೆಯು ವಂಶಪಾರಂಪರ್ಯವಾಗಿ ಬಂದ ಅಧಿಕಾರ. ಮಹಾಜನರು ಅಗ್ರಹಾರದ ವೃತ್ತಿವಂತರು. ಇವರ ಸಭೆಗಳು ಗೌರವಾರ್ಹವಾದುವೇ ಸರಿ; ಆದರೆ ಅಲ್ಲಿ ಚುನಾವಣೆಯಿಲ್ಲ. ಕುಡಿಕೆಯಲ್ಲಿ ಓಲೆಯ ಚೀಟಿಗಳನ್ನು ಹಾಕಿ ಎತ್ತಿಸುತ್ತಿದ್ದ ಉತ್ತರಮೇರೂರು ತಮಿಳುನಾಡಿನದು, ಅದೂ ಬ್ರಾಹ್ಮಣರ ಸಭೆಯೊಂದರ ನಿಯಮ. ಅದನ್ನು ತಂದು ಬೆಟ್ಟದಪುರದ ತಪ್ಪಲಿಗೆ ಅಂಟಿಸುವುದು ಚರಿತ್ರೆಯಾಗಲಾರದು.

ನಮಗೆ ಬೇಕಾದ ಆರಂಭವು ೧೮೮೧ರದು. ಆ ವರ್ಷದ ಮಾರ್ಚಿ ತಿಂಗಳ ೨೫ರಂದು ಸಂಸ್ಥಾನವು ಚಾಮರಾಜೇಂದ್ರ ಒಡೆಯರವರಿಗೆ ಹಿಂದಿರುಗಿ ಬಂದಿತು. ಅಕ್ಟೋಬರ್ ೭ರಂದು ದಿವಾನ್ ರಂಗಾಚಾರ್ಲು ಅವರು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯ ಮೊದಲ ಅಧಿವೇಶನವನ್ನು ನಡೆಯಿಸಿದರು. ಸದಸ್ಯರು ೧೪೪ ಮಂದಿ. ಇವರು ಜನರಿಂದ ಚುನಾಯಿತರಾದವರಲ್ಲ. ಸ್ಥಳದ ಅಧಿಕಾರಿಗಳು ಆರಿಸಿ ಕಳುಹಿಸಿದವರು. ಆದರೂ ಆ ಆಯ್ಕೆಯ ನಿಯಮದಲ್ಲಿ ನಾವು ಗಮನಿಸಬೇಕಾದ ಅಂಶವೊಂದುಂಟು. ಲೋಕವ್ಯವಹಾರವನ್ನು ಬಲ್ಲ, ಜನರಲ್ಲಿ ಮಾತು ನಡೆಯುವ ಬೇಸಾಯಗಾರರನ್ನು ತಾಲ್ಲೂಕಿಗೆ ಒಬ್ಬಿಬ್ಬರಂತೆಯೂ, ವರ್ತಕರಲ್ಲಿ ಮುಖ್ಯರಾದವರನ್ನು ಜಿಲ್ಲೆಗೆ ಮೂವರು ನಾಲ್ವರಂತೆಯೂ ಕಳುಹಿಸಬೇಕೆಂದು ಏರ್ಪಾಡಾಯಿತು. ಅಂದರೆ ವರ್ತಕನ ಊರು ಜಿಲ್ಲೆ, ರೈತನ ಊರು ತಾಲ್ಲೂಕು ಎಂದು ರಂಗಾಚಾರ್ಲು ಅವರ ಸರ್ಕಾರವು ಭಾವಿಸಿತು. ಮರುವರ್ಷ, ೧೮೮೨ರ ಮೇ ತಿಂಗಳಲ್ಲಿ, ಬ್ರಿಟಿಷ್ ಇಂಡಿಯಾದಲ್ಲಿ ಲಾರ್ಡ್ ರಿಪ್ಪನ್ನನ ಪ್ರಸಿದ್ಧವಾದ ನಿರ್ಣಯವು ಹೊರಟಿತು. ಸ್ಥಳೀಯ ಬೋರ್ಡಿನ ಕ್ಷೇತ್ರವು ಉಪವಿಭಾಗ, ತಾಲ್ಲೂಕು ಅಥವಾ ತಹಸೀಲನ್ನು ಸಾಮಾನ್ಯವಾಗಿ ಮೀರಕೂಡದು, ಅದಕ್ಕಿಂತ ದೊಡ್ಡದಾದರೆ ಸದಸ್ಯನಿಗೆ ನೆಲದ ಪರಿಚಯವೂ ಕಾರ್ಯದಲ್ಲಿ ಆಸಕ್ತಿಯೂ ಇರುವುದಿಲ್ಲ ಎಂಬುದು ಅದರ ಮುಖ್ಯ ತತ್ತ್ವಗಳಲ್ಲೊಂದು. ಒಂದು ದೇಶೀಯ ಸಂಸ್ಥಾನದಲ್ಲಿಯೂ ಇಂಡಿಯಾ ಸರ್ಕಾರದಲ್ಲಿಯೂ ಹೆಚ್ಚುಕಡಮೆ ಒಂದೇ ಕಾಲದಲ್ಲಿ ತಾಲ್ಲೂಕೇ ಪ್ರಾತಿನಿಧ್ಯಕ್ಕೆ ತಕ್ಕ ಅಳತೆಯೆಂದು ತೋರಿದ್ದು ಆಕಸ್ಮಿಕವಲ್ಲ. ರೈತನಿಗೆ ಸರ್ಕಾರವೆಂದರೆ ಅಮಲ್ದಾರ; ಕಂದಾಯ ಕಟ್ಟುವುದು, ತಕರಾರು ಹೇಳಿಕೊಳ್ಳುವುದು, ಪಹಣಿ ತಿದ್ದಿಸುವುದು ಎಲ್ಲವೂ ಆ ಕಚೇರಿಯ ಜಗಲಿಯಲ್ಲಿಯೇ. ಅಧಿಕಾರವಿರುವ ಕಡೆಯಲ್ಲಿಯೇ ಅದನ್ನು ಪ್ರಶ್ನಿಸುವ ಸಭೆಯೂ ಇರಬೇಕೆಂಬುದು ಸಹಜವಾದ ಆಲೋಚನೆ.

ಆಗ್ಗೆ ನಮ್ಮ ನಾಲ್ಕು ತಾಲ್ಲೂಕುಗಳು ಇಂದಿನ ಆಕಾರದಲ್ಲಿರಲಿಲ್ಲ. ಹಳೆಯ ಕೋಟೆಯೂ ಚರಿತ್ರೆಯೂ ಉಳ್ಳ ಪಿರಿಯಾಪಟ್ಟಣವು ಹುಣಸೂರಿಗೆ ಸೇರಿದ ಉಪತಾಲ್ಲೂಕಾಗಿತ್ತು. ಹುಣಸೂರಾದರೋ ಅಮೃತಮಹಲ್ ದನಗಳಿಂದಲೂ ಚರ್ಮದ ಮತ್ತು ಕಂಬಳಿಯ ಕಾರ್ಖಾನೆಗಳಿಂದಲೂ ಬೆಳೆದ ಹೊಸ ಪೇಟೆ. ಕೃಷ್ಣರಾಜನಗರವೆಂಬ ಹೆಸರೇ ಇರಲಿಲ್ಲ. ಅದು ಎಡತೊರೆಯ ತಾಲ್ಲೂಕು. ಅರ್ಕೇಶ್ವರನ ಗುಡಿಯ ಬಳಿ ಕಾವೇರಿಯು ಬಾಗಿ ಹರಿಯುವ ದಡದಲ್ಲಿದ್ದ ಆ ಊರು ನೆರೆಹಾವಳಿಗೆ ಸಿಕ್ಕಿದ್ದರಿಂದ ಎತ್ತರದ ನೆಲದಲ್ಲಿ ಹೊಸ ಪಟ್ಟಣವನ್ನು ಕಟ್ಟಿ, ನಾಲ್ವಡಿ ಕೃಷ್ಣರಾಜ ಒಡೆಯರವರ ಹೆಸರನ್ನು ಇಟ್ಟರು. ಊರು ಸ್ಥಳಾಂತರವಾಯಿತು, ಹೆಸರೂ ಬದಲಾಯಿತು. ಕಚೇರಿಯ ಖಾತೆಗಳಿಗೆ ಮಾತ್ರ ಲೋಪವಾಗಲಿಲ್ಲ.

ಶೇಷಾದ್ರಿ ಅಯ್ಯರವರ ದಿವಾನಗಿರಿಯಲ್ಲಿ, ೧೮೯೧ರಲ್ಲಿ, ಪ್ರಜಾಪ್ರತಿನಿಧಿ ಸಭೆಗೆ ಚುನಾವಣೆಯು ಬಂದಿತು. ತಾಲ್ಲೂಕಿಗನುಸಾರವಾಗಿ ೧೦೦ರಿಂದ ೩೦೦ ರೂಪಾಯಿನವರೆಗೆ ಭೂಕಂದಾಯವನ್ನೋ, ೧೩ರಿಂದ ೧೭ ರೂಪಾಯಿನವರೆಗೆ ಮೊಹತರ್ಫವನ್ನೋ ಕೊಡುವವರು, ೫೦೦ ರೂಪಾಯಿ ಬೇರೀಜಿನ ಇನಾಮುದಾರರು, ಸರ್ಕಾರಿ ಉದ್ಯೋಗದಲ್ಲಿಲ್ಲದ ಪದವೀಧರರು, ಇಷ್ಟು ಜನಕ್ಕೆ ಮಾತ್ರ ಹಕ್ಕು. ನೂರು ರೂಪಾಯಿ ಕಂದಾಯವೆಂದರೆ ಆ ಕಾಲಕ್ಕೆ ಎಂಥ ಭೂಮಿಯೆಂಬುದನ್ನು ವಾಚಕರು ಊಹಿಸಿಕೊಳ್ಳಬಹುದು. ಎಡತೊರೆಯ ಗದ್ದೆಯ ಬಯಲಿನಲ್ಲಿ ಅಂಥವರು ಸಿಕ್ಕಾರು. ಹೆಗ್ಗಡದೇವನಕೋಟೆಯ ಕಾಡಿನಲ್ಲಿ ಜೇನುಕುರುಬರಿಗೂ ಬೆಟ್ಟಕುರುಬರಿಗೂ ಯರವರಿಗೂ ಪಟ್ಟೆಯೇ ಇಲ್ಲ, ಪಟ್ಟೆಯಿಲ್ಲದವನಿಗೆ ಕಂದಾಯವಿಲ್ಲ, ಕಂದಾಯವಿಲ್ಲದವನಿಗೆ ಮತವಿಲ್ಲ. ಕಾಕನಕೋಟೆಯ ಅರಣ್ಯದಿಂದ ಸರ್ಕಾರಕ್ಕೆ ಬರುತ್ತಿದ್ದ ಮರಮುಟ್ಟಿನ ಆದಾಯವು ಅವರ ಬೆವರಿನದೇ ಆಗಿದ್ದರೂ ಅದು ಯಾವ ಖಾತೆಯಲ್ಲಿಯೂ ಅವರ ಹೆಸರಿಗೆ ಜಮೆಯಾಗುವಂತಿರಲಿಲ್ಲ. ಮತದಾರರ ಪಟ್ಟಿಯು ಕಂದಾಯದ ಖಾತೆಯ ನೆರಳಾಗಿದ್ದಿತೆಂಬುದನ್ನು ಇಲ್ಲಿ ಮರೆಯಬಾರದು. ಕಚೇರಿಯ ಪುಸ್ತಕವು ಯಾರನ್ನು ಕಂಡಿತೋ ಅವರನ್ನೇ ಸಭೆಯೂ ಕಂಡಿತು.

ಪ್ರಜಾಪ್ರತಿನಿಧಿ ಸಭೆಯು ಸೇರುತ್ತಿದ್ದುದು ಮೈಸೂರಿನಲ್ಲಿ. ಅದು ಅರಿಕೆ ಮಾಡಿಕೊಳ್ಳುವ ಸಭೆಯೇ ಹೊರತು ತಾಲ್ಲೂಕಿನ ರಸ್ತೆಗೆ ಹಣವನ್ನು ಮಂಜೂರು ಮಾಡುವ ಸಭೆಯಲ್ಲ. ಆ ಕೆಲಸವು ಲೋಕಲ್ ಫಂಡಿನದು. ಕಂದಾಯದ ಪ್ರತಿಯೊಂದು ರೂಪಾಯಿಗೂ ಒಂದಾಣೆಯಂತೆ ಎತ್ತುತ್ತಿದ್ದ ತೆರಿಗೆಯಿಂದ ಈ ನಿಧಿಯು ಏರ್ಪಟ್ಟಿದ್ದಿತು. ೧೯೦೨ರ ಲೋಕಲ್ ಬೋರ್ಡುಗಳ ರೆಗ್ಯುಲೇಷನ್ನಿನ ಪ್ರಕಾರ ಜಿಲ್ಲಾ ಬೋರ್ಡು, ತಾಲ್ಲೂಕು ಬೋರ್ಡು, ಯೂನಿಯನ್ನು ಎಂಬ ಮೂರು ಅಂತಸ್ತುಗಳು ಏರ್ಪಟ್ಟವು. ತಾಲ್ಲೂಕಿಗೆ ತನ್ನದೇ ಆದ ಸಭೆಯು ಮೊದಲು ದೊರೆತದ್ದು ಹೀಗೆ. ಅದರಲ್ಲಿ ನಾಮಕರಣಗೊಂಡವರೊಡನೆ ಚುನಾಯಿತರಾದ ಕೆಲವರೂ ಕುಳಿತರು. ಅಗ್ರಾಸನವು ಮಾತ್ರ ಸರ್ಕಾರಿ ಅಧಿಕಾರಿಯದು. ೧೯೧೮ರ ಕಾನೂನು ಚುನಾಯಿತರ ಭಾಗವನ್ನು ಹೆಚ್ಚಿಸಿತು. ಬಾವಿ, ಸಂತೆಮಾಳ, ಮುಸಾಫರಖಾನೆ, ಊರೂರಿಗೆ ಗಾಡಿಯ ದಾರಿ, ಇವೇ ಬೋರ್ಡಿನ ವ್ಯವಹಾರ. ಇವು ಸಣ್ಣ ವಿಷಯಗಳೆಂದು ಪಟ್ಟಣದವರು ಹೇಳಬಹುದು. ಮಳೆಗಾಲದಲ್ಲಿ ಕಪಿಲೆಯನ್ನು ದಾಟಲಾರದೆ ಸಂತೆ ತಪ್ಪಿಸಿಕೊಂಡ ಕೋಟೆಯ ರೈತನು ಹೇಳಲಾರನು.

೧೯೨೬ರಲ್ಲಿ ಕಾನೂನು ಮತ್ತೆ ಬದಲಾಯಿತು. ಗ್ರಾಮ ಪಂಚಾಯತಿಗಳಿಗೆ ಒಂದು, ಜಿಲ್ಲಾ ಬೋರ್ಡುಗಳಿಗೆ ಒಂದು, ಹೀಗೆ ಎರಡು ರೆಗ್ಯುಲೇಷನ್ನುಗಳು ಹೊರಟವು. ತಾಲ್ಲೂಕು ಬೋರ್ಡುಗಳು ರದ್ದಾದುವು. ಜಿಲ್ಲಾ ಬೋರ್ಡು ಹಂಚಿದ್ದನ್ನು ಖರ್ಚುಮಾಡುವುದಲ್ಲದೆ ತಾಲ್ಲೂಕು ಬೋರ್ಡಿಗೆ ಸ್ವಂತ ಸತ್ತ್ವವಿರಲಿಲ್ಲವೆಂಬ ವಾದದಲ್ಲಿ ನಿಜಾಂಶವಿಲ್ಲದೆ ಇಲ್ಲ. ಆದರೆ ಹಣವಿಲ್ಲದ ಸಭೆಗೆ ಹಣ ಕೊಡುವುದೂ ಒಂದು ಪರಿಹಾರವಾಗಿದ್ದಿತು. ಸಭೆಯನ್ನೇ ತೆಗೆದುಹಾಕುವುದು ಸುಲಭವಾಗಿ ಕಂಡಿತು. ಅಲ್ಲಿಂದ ಮುಂದೆ ಹುಣಸೂರಿನ ರೈತನಿಗೆ ಊರಿನಲ್ಲಿ ಪಂಚಾಯತಿ, ಮೈಸೂರಿನಲ್ಲಿ ಜಿಲ್ಲಾ ಬೋರ್ಡು. ನಡುವೆ ಅಮಲ್ದಾರ ಮಾತ್ರ. ಈ ಅವಧಿಯಲ್ಲಿ ತಾಲ್ಲೂಕಿನ ಹೆಸರಿನಲ್ಲಿ ಮಾತನಾಡಲು ಉಳಿದವನು ಪ್ರಜಾಪ್ರತಿನಿಧಿ ಸಭೆಯ ಸದಸ್ಯನೊಬ್ಬನೇ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರಾದ ದೇವರಾಜ ಅರಸರು ೧೯೪೧ರಲ್ಲಿ ಆ ಸಭೆಗೆ ಚುನಾಯಿತರಾಗಿ ಸಾರ್ವಜನಿಕ ಜೀವನಕ್ಕೆ ಬಂದರೆಂಬುದನ್ನು ಇಲ್ಲಿ ನೆನೆಯಬಹುದು. ೧೯೪೯ರಲ್ಲಿ ಪ್ರಜಾಪ್ರತಿನಿಧಿ ಸಭೆಯೂ ವಿಸರ್ಜಿತವಾಯಿತು.

ಪರದೇಶದ ಉದಾಹರಣೆಯೊಂದನ್ನು ಇಲ್ಲಿ ತರುವುದು ಅಪ್ರಸ್ತುತವಾಗಲಾರದು. ಏಕೆಂದರೆ ನಮ್ಮ ಬೋರ್ಡುಗಳ ಹೆಸರೂ ವಿಧಾನವೂ ಬಂದದ್ದು ಅಲ್ಲಿಂದಲೇ. ಇಂಗ್ಲೆಂಡಿನಲ್ಲಿ ೧೮೮೮ರ ಕಾನೂನಿನಿಂದ ಕೌಂಟಿ ಸಭೆಗಳೂ, ೧೮೯೪ರ ಕಾನೂನಿನಿಂದ ಅವುಗಳ ಕೆಳಗೆ ಡಿಸ್ಟ್ರಿಕ್ಟ್ ಸಭೆಗಳೂ ಪ್ಯಾರಿಷ್ ಸಭೆಗಳೂ ಏರ್ಪಟ್ಟವು. ಅಲ್ಲಿಯ ಡಿಸ್ಟ್ರಿಕ್ಟು ನಮ್ಮ ಜಿಲ್ಲೆಯಲ್ಲ. ಅಳತೆಯಲ್ಲಿ ನಮ್ಮ ತಾಲ್ಲೂಕಿಗೇ ಅದು ಸಮೀಪ. ಎರಡು ಮಹಾಯುದ್ಧಗಳ ಕಾಲದಲ್ಲಿ ಅಲ್ಲಿಯೂ ಸ್ಥಳೀಯ ಚುನಾವಣೆಗಳು ನಿಂತಿದ್ದುವು. ಆದರೆ ಸದಸ್ಯರು ತಮ್ಮ ಪೀಠಗಳಲ್ಲಿ ಉಳಿದರು, ಸಭೆಗಳು ನಿಲ್ಲಲಿಲ್ಲ. ೧೯೭೨ರ ಕಾನೂನಿನ ಮೇರೆಗೆ ೧೯೭೪ರಲ್ಲಿ ಹಳೆಯ ಡಿಸ್ಟ್ರಿಕ್ಟುಗಳನ್ನು ಒಟ್ಟುಗೂಡಿಸಿದಾಗಲೂ ಹೊಸ ಸಭೆಗಳನ್ನು ಮೊದಲು ಚುನಾಯಿಸಿ, ಆಮೇಲೆ ಹಳೆಯವನ್ನು ಮುಚ್ಚಿದರು. ಸಭೆಯ ಆಕಾರವನ್ನು ಬದಲಿಸುವುದು ಬೇರೆ, ಸಭೆಯಿಲ್ಲದೆ ಇರುವುದು ಬೇರೆ. ನಮ್ಮಲ್ಲಿ ಯುದ್ಧವಿಲ್ಲದೆಯೇ ಎರಡನೆಯದು ನಡೆದುಬಂದಿತು.

ಸ್ವಾತಂತ್ರ್ಯಾನಂತರ ೧೯೫೨ರ ಮೈಸೂರು ಕಾನೂನು ಪಂಚಾಯತಿಗಳಿಗೆ ವಯಸ್ಕರ ಮತದಾನವನ್ನು ತಂದಿತು. ಕಂದಾಯದ ಖಾತೆಗೂ ಮತದಾರರ ಪಟ್ಟಿಗೂ ಇದ್ದ ಗಂಟು ಅಂತೂ ಬಿಚ್ಚಿತು. ಹಾಡಿಯ ಜೇನುಕುರುಬನೂ ಪಟೇಲನೂ ಒಂದೇ ಪೆಟ್ಟಿಗೆಗೆ ಚೀಟಿ ಹಾಕುವಂತಾಯಿತು. ತಾಲ್ಲೂಕಿಗೆ ಸಭೆಯು ಎರಡನೆಯ ಸಲ ದೊರೆತದ್ದು ೧೯೫೯ರ ಕಾನೂನಿನಿಂದ. ಏಕೀಕರಣಗೊಂಡ ರಾಜ್ಯದ ಎಲ್ಲ ಭಾಗಗಳಿಗೂ ಅನ್ವಯಿಸಿದ ಈ ಕಾನೂನಿನ ಹೃದಯವೇ ತಾಲ್ಲೂಕು ಡೆವಲಪ್‌ಮೆಂಟ್ ಬೋರ್ಡು. ಹದಿನೈದರಿಂದ ಹತ್ತೊಂಬತ್ತು ಮಂದಿ ಸದಸ್ಯರನ್ನು ಜನರು ನೇರವಾಗಿ ಚುನಾಯಿಸುವರು. ಅಧ್ಯಕ್ಷನನ್ನು ಸದಸ್ಯರು ತಮ್ಮೊಳಗಿಂದಲೇ ಆರಿಸುವರು. ಜಿಲ್ಲೆಯಲ್ಲಿ ಡೆಪ್ಯುಟಿ ಕಮಿಷನರರ ಅಧ್ಯಕ್ಷತೆಯ ಸಲಹಾಮಂಡಲಿಯು ಮಾತ್ರ ಇತ್ತು. ೧೯೨೬ರಲ್ಲಿ ಜಿಲ್ಲೆಗಾಗಿ ತಾಲ್ಲೂಕನ್ನು ಬಿಟ್ಟರು. ೧೯೫೯ರಲ್ಲಿ ತಾಲ್ಲೂಕಿಗಾಗಿ ಜಿಲ್ಲೆಯನ್ನು ಬಿಟ್ಟರು. ಎರಡನ್ನೂ ಏಕಕಾಲದಲ್ಲಿ ನಂಬಲು ನಮ್ಮ ಸರ್ಕಾರಗಳಿಗೆ ಬಹುಕಾಲ ಹಿಡಿಯಿತು.

ಕೃಷ್ಣರಾಜನಗರ, ಹುಣಸೂರು ಮೊದಲಾದ ಕಡೆಗಳಲ್ಲಿ ಹಳೆಯ ತಲೆಯವರು ಇಂದಿಗೂ "ಟಿ.ಡಿ.ಬಿ." ಎಂದು ನೆನೆಯುವುದು ಈ ಬೋರ್ಡನ್ನೇ. ತಾಲ್ಲೂಕಿನ ಪ್ರಮುಖ ಕುಟುಂಬಗಳು ರಾಜಕೀಯದ ಅಭ್ಯಾಸ ಮಾಡಿದ ಗರಡಿಯದು. ಒಕ್ಕಲಿಗರು, ಲಿಂಗಾಯತರು, ಕುರುಬರು ಮುಂತಾದ ದೊಡ್ಡ ಸಮುದಾಯಗಳ ಬಲಾಬಲವು ಶಾಸನಸಭೆಯ ಚುನಾವಣೆಗಿಂತ ಮೊದಲು ಇಲ್ಲಿ ಪರೀಕ್ಷೆಗೆ ಬರುತ್ತಿದ್ದಿತು. ಆದರೆ ಚುನಾವಣೆಗಳು ನಡೆದದ್ದು ಯಾವಾಗ? ೧೯೬೦, ೧೯೬೮, ೧೯೭೮. ಕಾನೂನಿನಲ್ಲಿ ಕಂಡ ಅವಧಿಯು ನಾಲ್ಕು ವರ್ಷ. ಮೊದಲನೆಯದಕ್ಕೂ ಎರಡನೆಯದಕ್ಕೂ ಎಂಟು ವರ್ಷ, ಎರಡನೆಯದಕ್ಕೂ ಮೂರನೆಯದಕ್ಕೂ ಹತ್ತು ವರ್ಷ. ದೇವರಾಜ ಅರಸರು ೧೯೭೨ರಿಂದ ೧೯೭೭ರವರೆಗೆ ಮೊದಲ ಸಲ ಮುಖ್ಯಮಂತ್ರಿಯಾಗಿದ್ದ ಕಾಲವು ಪೂರ್ತಿಯಾಗಿ ಈ ಹತ್ತು ವರ್ಷಗಳ ಬಿಡುವಿನೊಳಗೇ ಬೀಳುತ್ತದೆ. ಹಾವನೂರು ಆಯೋಗವನ್ನು ನೇಮಿಸಿ, ೧೯೭೪ರಲ್ಲಿ ಭೂಸುಧಾರಣೆಯ ತಿದ್ದುಪಡಿಯನ್ನು ತಂದು, ಗೇಣಿದಾರನ ಸ್ಥಿತಿಯನ್ನು ಬದಲಿಸಿದ ಅರಸರು ಆ ಗೇಣಿದಾರನು ತನ್ನ ತಾಲ್ಲೂಕಿನ ಬೋರ್ಡಿಗೆ ಮತ ಹಾಕುವ ಸಂದರ್ಭವನ್ನು ಆ ಐದು ವರ್ಷಗಳಲ್ಲಿ ಒದಗಿಸಲಿಲ್ಲ. ಭೂನ್ಯಾಯ ಮಂಡಲಿಗಳಿಗೆ ಸದಸ್ಯರನ್ನು ಸರ್ಕಾರವೇ ನೇಮಿಸಿತು. ಹಳೆಯ ಭೂಮಾಲಿಕರ ಹಿಡಿತದಲ್ಲಿರುವ ಬೋರ್ಡುಗಳಿಂದ ಸುಧಾರಣೆಯು ಕೆಟ್ಟೀತೆಂಬ ಶಂಕೆಯು ಅದಕ್ಕೆ ಕಾರಣವಾಗಿದ್ದಿರಬಹುದು. ಆ ಶಂಕೆಯು ನಿರಾಧಾರವೆಂದು ನಾನು ಹೇಳಲಾರೆ. ಆದರೆ ಸುಧಾರಣೆಯ ಫಲವಾಗಿ ಭೂಮಿ ಪಡೆದವರೇ ಬೋರ್ಡುಗಳಲ್ಲಿ ಕುಳಿತು ಅದನ್ನು ಕಾಯುವ ಕಾಲವು ಇದರಿಂದ ತಡವಾಯಿತು.

೧೯೮೩ರ ಕಾನೂನು ಬಂದಾಗ ಲೋಲಕವು ಮತ್ತೆ ಜಿಲ್ಲೆಯ ಕಡೆಗೆ ತೂಗಿತು. ಅಶೋಕ ಮೆಹತಾ ಸಮಿತಿಯು ೧೯೭೮ರಲ್ಲಿ ಸೂಚಿಸಿದ ಜಿಲ್ಲೆ ಮತ್ತು ಮಂಡಲ ಎಂಬ ಎರಡು ಅಂತಸ್ತುಗಳನ್ನು ಸಚಿವ ಅಬ್ದುಲ್ ನಜೀರ್ ಸಾಬರು ಕಾರ್ಯರೂಪಕ್ಕೆ ತಂದರು. ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಸಿ ನೀರಸಾಬರೆನಿಸಿಕೊಂಡವರು ಇವರೇ. ೧೯೮೭ರ ಜನವರಿಯಲ್ಲಿ ಚುನಾವಣೆ ನಡೆಯಿತು. ರಾಜ್ಯದಲ್ಲಿ ೧೯ ಜಿಲ್ಲಾ ಪರಿಷತ್ತುಗಳು, ೨,೫೩೬ ಮಂಡಲ ಪಂಚಾಯತಿಗಳು ಏರ್ಪಟ್ಟವು. ನೂರಕ್ಕೆ ಇಪ್ಪತ್ತೈದು ಸ್ಥಾನಗಳು ಸ್ತ್ರೀಯರಿಗೆ ಮೀಸಲು. ಭಾರತದ ಸಂವಿಧಾನವು ಈ ಮಾತನ್ನು ಆಡುವುದಕ್ಕೆ ಆರು ವರ್ಷ ಮೊದಲೇ ಹುಣಸೂರು ಪಿರಿಯಾಪಟ್ಟಣಗಳ ಮಂಡಲಗಳಲ್ಲಿ ಹೆಂಗಸರು ಸದಸ್ಯರಾಗಿ ಕುಳಿತರೆಂಬುದು ಅಭಿಮಾನಪಡತಕ್ಕ ವಿಷಯ. ಜಿಲ್ಲಾ ಪರಿಷತ್ತಿನ ಅಧ್ಯಕ್ಷರ ಕೈಕೆಳಗೆ ಹಿರಿಯ ಐ.ಎ.ಎಸ್. ಅಧಿಕಾರಿಯೊಬ್ಬರು ಮುಖ್ಯಕಾರ್ಯದರ್ಶಿಯಾಗಿ ಕೆಲಸಮಾಡಬೇಕಾದ ಸನ್ನಿವೇಶವನ್ನು ಮೈಸೂರು ಜಿಲ್ಲೆಯು ಮೊದಲು ನೋಡಿದ್ದು ಆಗಲೇ. ಇಷ್ಟಾದರೂ ತಾಲ್ಲೂಕಿಗೆ ದೊರೆತದ್ದೇನು? ತಾಲ್ಲೂಕು ಪಂಚಾಯತಿ ಸಮಿತಿಯೆಂಬುದೊಂದು. ಅದಕ್ಕೆ ನೇರ ಚುನಾವಣೆಯಿಲ್ಲ. ಶಾಸಕರು ಅಧ್ಯಕ್ಷರು, ಮಂಡಲ ಪ್ರಧಾನರು ಸದಸ್ಯರು. ಕೆಲಸವು ಮೇಲ್ವಿಚಾರಣೆಯ ಮಾತು ಮಾತ್ರ. ಹೊಗಳಿಕೆಗೆ ಪೂರ್ಣವಾಗಿ ಅರ್ಹವಾದ ೧೯೮೭ರ ಏರ್ಪಾಡಿನಲ್ಲಿ ಇದೊಂದು ಕುಂದು. ತಹಸೀಲ್ದಾರರ ಎದುರು ತಾಲ್ಲೂಕಿನ ಚುನಾಯಿತ ಸಭೆಯೊಂದು ಇಲ್ಲದೆ ಹೋದುದರಿಂದ, ಆ ಸ್ಥಾನವು ಶಾಸಕನ ಸ್ವಂತ ಸಾಮ್ರಾಜ್ಯವಾಗಿ ಬೆಳೆಯಲು ಎಡೆಯಾಯಿತು. ೧೯೯೨ರಲ್ಲಿ ಅವಧಿಯು ಮುಗಿದಾಗ ಚುನಾವಣೆಯನ್ನು ನಡೆಯಿಸದೆ ಆಡಳಿತಾಧಿಕಾರಿಗಳನ್ನು ನೇಮಿಸಿದರು.

ಈ ರೋಗಕ್ಕೇ ಔಷಧವೆಂದು ೧೯೯೩ರ ಏಪ್ರಿಲ್ ೨೪ರಂದು ಸಂವಿಧಾನದ ೭೩ನೆಯ ತಿದ್ದುಪಡಿಯು ಜಾರಿಗೆ ಬಂದಿತು. ಗ್ರಾಮ, ತಾಲ್ಲೂಕು, ಜಿಲ್ಲೆ ಮೂರಕ್ಕೂ ಚುನಾಯಿತ ಸಭೆಯಿರಬೇಕು. ಅವಧಿ ಐದೇ ವರ್ಷ. ಅವಧಿಯು ಮುಗಿಯುವುದಕ್ಕೆ ಮೊದಲೇ ಮುಂದಿನ ಚುನಾವಣೆಯು ಪೂರ್ತಿಯಾಗಬೇಕು. ಅದನ್ನು ನಡೆಯಿಸಲು ಸರ್ಕಾರದಿಂದ ಬೇರೆಯಾದ ರಾಜ್ಯ ಚುನಾವಣಾ ಆಯೋಗವಿರಬೇಕು. ಗ್ರಾಮ ಪಂಚಾಯತಿಗಳಿಗೆ ೧೯೯೩ರ ಡಿಸೆಂಬರಿನಲ್ಲಿಯೂ, ತಾಲ್ಲೂಕು ಜಿಲ್ಲಾ ಪಂಚಾಯತಿಗಳಿಗೆ ೧೯೯೫ರಲ್ಲಿಯೂ ಚುನಾವಣೆಗಳಾದುವು. ತಾಲ್ಲೂಕಿನ ಸಭೆಯು ಮೂರನೆಯ ಸಲ ಹುಟ್ಟಿತು. ಅಲ್ಲಿಂದ ಇಪ್ಪತ್ತು ವರ್ಷಗಳಿಗೂ ಮೇಲೆ ಚುನಾವಣೆಗಳು ಹೆಚ್ಚುಕಡಮೆ ಕ್ರಮವಾಗಿ ನಡೆದುವು. ಈ ಸೀಮೆಯ ಚರಿತ್ರೆಯಲ್ಲಿ ಇಷ್ಟು ದೀರ್ಘವಾದ ಅಖಂಡ ಕಾಲವು ಹಿಂದೆ ಇರಲಿಲ್ಲ.

ಹಾಡಿಗಳ ವಿಷಯವಾಗಿ ಇಲ್ಲಿ ಎರಡು ಮಾತು ಹೇಳಬೇಕು. ಕರ್ನಾಟಕದಲ್ಲಿ ಐದನೆಯ ಅನುಸೂಚಿಯ ಪ್ರದೇಶಗಳಿಲ್ಲವಾದುದರಿಂದ ೧೯೯೬ರ ಪೆಸಾ ಕಾನೂನು ಹೆಗ್ಗಡದೇವನಕೋಟೆಗೆ ಅನ್ವಯಿಸದು. ಹಾಡಿಯು ಸಮೀಪದ ದೊಡ್ಡ ಊರಿನ ಪಂಚಾಯತಿಗೆ ಸೇರಿಬಿಡುತ್ತದೆ. ಮೀಸಲು ಸ್ಥಾನದಿಂದ ಒಬ್ಬ ಸದಸ್ಯ ಬಂದರೂ ಸಭೆಯಲ್ಲಿ ಅವನದು ಒಂಟಿ ಧ್ವನಿ. ೨೦೦೮ರಿಂದ ಆ ತಾಲ್ಲೂಕಿನ ಶಾಸನಸಭಾ ಕ್ಷೇತ್ರವು ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿದೆ. ಕಾಡಿನವರ ಅಹವಾಲುಗಳು ಬಗೆಹರಿಯಬೇಕಾದುದು ಅದಕ್ಕಿಂತ ಕೆಳಗಿನ ಅಂತಸ್ತುಗಳಲ್ಲಿ. ಒಂದು ಹಾಡಿಗೆ ಪಂಚಾಯತಿಯಲ್ಲಿ ಬಹುಮತ ದೊರೆಯುವುದು ಕಷ್ಟ. ಹತ್ತಾರು ಹಾಡಿಗಳ ಮಾತು ಒಟ್ಟಿಗೆ ಕೇಳಿಬರಲು ತಾಲ್ಲೂಕೇ ತಕ್ಕ ವೇದಿಕೆ.

ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಇನ್ನೊಂದು ವಿಚಿತ್ರವುಂಟು. ೧೯೬೦ರ ಸುಮಾರಿನಲ್ಲಿ ಅಲ್ಲಿ ನೆಲೆಗೊಂಡ ಟಿಬೆಟ್ಟಿನವರಲ್ಲಿ ಭಾರತದ ಪೌರತ್ವವಿಲ್ಲದವರಿಗೆ ನಮ್ಮ ಪಂಚಾಯತಿಯಲ್ಲಿ ಮತವಿಲ್ಲ. ಆದರೆ ತಮ್ಮ ದೇಶಾಂತರದ ಸಂಸತ್ತಿಗೆ ಅವರು ಮತ ಹಾಕುತ್ತಾರೆ, ೨೦೦೧ರಿಂದ ತಮ್ಮ ಆಡಳಿತದ ಮುಖ್ಯಸ್ಥನನ್ನೂ ನೇರವಾಗಿ ಆರಿಸುತ್ತಾರೆ. ದೇಶವನ್ನು ಕಳೆದುಕೊಂಡವರು ಚುನಾವಣೆಯ ಕ್ರಮವನ್ನು ಕಾಪಾಡಿಕೊಂಡು ಬಂದಿರುವುದು ನೆರೆಯ ಊರಿನವರ ಕಣ್ಣೆದುರಿಗೇ ಇದೆ.

ಔಷಧವು ಎಷ್ಟು ಕಾಲ ನಾಟಿತು? ತಾಲ್ಲೂಕು ಮತ್ತು ಜಿಲ್ಲಾ ಪಂಚಾಯತಿಗಳಿಗೆ ೨೦೧೬ರ ಫೆಬ್ರವರಿಯಲ್ಲಿ ಚುನಾವಣೆಯಾಯಿತು. ಆ ಸದಸ್ಯರ ಅವಧಿಯು ೨೦೨೧ರಲ್ಲಿ ಮುಗಿಯಿತು. ಗ್ರಾಮ ಪಂಚಾಯತಿಗಳಿಗೆ ೨೦೨೦ರ ಡಿಸೆಂಬರಿನಲ್ಲಿ, ಸಾಂಕ್ರಾಮಿಕ ರೋಗದ ನಡುವೆಯೂ, ಮತದಾನವು ನಡೆದಿದ್ದಿತು. ಮೇಲಿನ ಎರಡು ಅಂತಸ್ತುಗಳಿಗೆ ಮಾತ್ರ ಅಡ್ಡಿಗಳು ಒಂದರ ಹಿಂದೊಂದು ಬಂದುವು. ೨೦೨೧ರ ಮಾರ್ಚಿಯಲ್ಲಿ ಮಹಾರಾಷ್ಟ್ರದ ಮೊಕದ್ದಮೆಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು ಹಿಂದುಳಿದ ವರ್ಗಗಳ ಮೀಸಲಾತಿಗೆ ಮೂರು ಪರೀಕ್ಷೆಗಳನ್ನು ವಿಧಿಸಿತು. ಅದೇ ವರ್ಷ ಕ್ಷೇತ್ರಗಳ ಗಡಿ ಗುರುತಿಸುವ ಕೆಲಸವನ್ನು ರಾಜ್ಯದ ಕಾನೂನು ಚುನಾವಣಾ ಆಯೋಗದಿಂದ ತೆಗೆದು ಬೇರೊಂದು ಆಯೋಗಕ್ಕೆ ಕೊಟ್ಟಿತು. ಹಿಂದುಳಿದ ವರ್ಗಗಳ ವಿಷಯದಲ್ಲಿ ನ್ಯಾಯಮೂರ್ತಿ ಭಕ್ತವತ್ಸಲ ಅವರ ಆಯೋಗವು ೨೦೨೨ರಲ್ಲಿ ವರದಿಯನ್ನು ಒಪ್ಪಿಸಿತು. ಒಂದೊಂದು ಕಾರಣವನ್ನೂ ಬಿಡಿಯಾಗಿ ನೋಡಿದರೆ ನ್ಯಾಯವಾಗಿಯೇ ತೋರುತ್ತದೆ. ೧೯೨೬ರಲ್ಲಿಯೂ ೧೯೮೩ರಲ್ಲಿಯೂ ಹೇಳಿದ ಕಾರಣಗಳು ಸಹ ಬಿಡಿಯಾಗಿ ನ್ಯಾಯವಾಗಿಯೇ ಇದ್ದುವು. ಅಂದು ಕಾನೂನು ತಾಲ್ಲೂಕಿನ ಸಭೆಯನ್ನು ತೆಗೆಯಿತು. ಈ ಸಲ ಕಾನೂನಿನಲ್ಲಿ ಸಭೆಯು ಹಾಗೆಯೇ ಇದೆ, ಅದರ ಪೀಠಗಳು ಬರಿದಾದುವು. ಅದರ ಅಧಿಕಾರಗಳನ್ನು ಆಡಳಿತಾಧಿಕಾರಿಗಳು ವಹಿಸಿಕೊಂಡರು. ೨೦೨೪ ಮುಗಿಯುವವರೆಗೂ ಚುನಾವಣೆಯಾಗಲಿಲ್ಲ.

ಈ ನಡುವೆ ತಾಲ್ಲೂಕುಗಳ ಸಂಖ್ಯೆಯೇ ಬೆಳೆಯಿತು. ಹೆಗ್ಗಡದೇವನಕೋಟೆಯಿಂದ ಸರಗೂರನ್ನೂ, ಕೃಷ್ಣರಾಜನಗರದಿಂದ ಸಾಲಿಗ್ರಾಮವನ್ನೂ ಬೇರ್ಪಡಿಸಿ ಹೊಸ ತಾಲ್ಲೂಕುಗಳನ್ನಾಗಿ ಮಾಡಿದರು. ಇವೆರಡೂ ಆದದ್ದು ೨೦೧೬ರ ಚುನಾವಣೆಯ ತರುವಾಯ. ಎರಡು ಊರುಗಳಿಗೂ ತಹಸೀಲ್ದಾರರು ಬಂದರು, ಕಚೇರಿಯ ಹಲಗೆಯನ್ನು ತೂಗುಹಾಕಿದರು, ಖಾತೆಯ ಪುಸ್ತಕಗಳು ಹಳೆಯ ಕಚೇರಿಯಿಂದ ಹೊಸದಕ್ಕೆ ಸಾಗಿದುವು. ಸರಗೂರು ತಾಲ್ಲೂಕು ಪಂಚಾಯತಿಗೂ ಸಾಲಿಗ್ರಾಮ ತಾಲ್ಲೂಕು ಪಂಚಾಯತಿಗೂ ೨೦೨೪ರ ಕೊನೆಯವರೆಗೆ ಯಾರೊಬ್ಬರೂ ಒಂದು ಮತವನ್ನೂ ಹಾಕಿರಲಿಲ್ಲ.